ದಂಡಿನಿಂದ ಕಾನನಕ್ಕೆ

1809ನೆಯ ಇಸವಿಯಲ್ಲಿ, ಶ್ರೀರಂಗಪಟ್ಟಣದ ವಿಷಮಜ್ವರಕ್ಕೆ ಬೇಸತ್ತ ಬ್ರಿಟಿಷರ ಸೈನ್ಯವು ಅಲ್ಲಿಂದ ಠಾಣ್ಯವನ್ನು ಕಿತ್ತು ಹಲಸೂರಿನ ಬಳಿಯ ಎತ್ತರದ ಬಯಲಿಗೆ ಬಂದು ನೆಲಸಿದಾಗ, ಬೆಂಗಳೂರಿನ ಪೂರ್ವಭಾಗದಲ್ಲಿ ಎರಡನೆಯದೊಂದು ಊರು ಹುಟ್ಟಿಕೊಂಡಿತು. ಪೇಟೆಯ ಜನ ಅದನ್ನು ದಂಡು ಎಂದರು. ಹಳಬರ ಬಾಯಲ್ಲಿ ಅದು ಇಂದಿಗೂ ದಂಡೇ. ಆ ದಂಡಿಗೆ ತನ್ನದೇ ಆದ ಬಜಾರುಗಳೂ ಕವಾಯತು ಮೈದಾನಗಳೂ ಇಗರ್ಜಿಗಳೂ ಇದ್ದುವು. ಅವುಗಳ ಜೊತೆಗೆ, ಪೇಟೆಯ ವರ್ತಕರಿಗೂ ನೇಕಾರರಿಗೂ ಅಷ್ಟಾಗಿ ಪರಿಚಯವಿಲ್ಲದಿದ್ದ ಒಂದು ಅಭ್ಯಾಸವೂ ಇತ್ತು. ಕೈಗೆ ನಾಲ್ಕು ದಿನದ ಬಿಡುವು ದೊರೆತೊಡನೆ, ತೀರ್ಥಯಾತ್ರೆಯ ಉದ್ದೇಶವಿಲ್ಲದೆ, ವ್ಯಾಪಾರದ ಉದ್ದೇಶವೂ ಇಲ್ಲದೆ, ಕೇವಲ ಮೃಗಗಳ ಸಲುವಾಗಿ ಕಾಡಿಗೆ ಹೊರಡುವ ಅಭ್ಯಾಸ ಅದು.

ಇಂದು ಇಂದಿರಾನಗರದಿಂದಲೂ ಕೃಷ್ಣರಾಜಪುರದಿಂದಲೂ ಶನಿವಾರದ ಕೋಳಿ ಕೂಗುವ ಮುನ್ನವೇ ಮನೆಬಿಟ್ಟು, ಬಂಡೀಪುರದ ಕಡೆಗೋ ಕಬಿನಿಯ ಕಡೆಗೋ ಕಾರು ನಡೆಸುವ ಸಂಸಾರಗಳು, ತಾವು ಅರಿತಿರಲಿ ಅರಿಯದಿರಲಿ, ಆ ಹಳೆಯ ಅಭ್ಯಾಸಕ್ಕೆ ವಾರಸುದಾರರು. ಕೋವಿಯಿದ್ದ ಕೈಗೆ ಕ್ಯಾಮೆರಾ ಬಂತು, ಕೊಲ್ಲುವ ಆಸೆ ಹೋಗಿ ನೋಡುವ ಆಸೆ ಬಂತು ಎಂದು ಹೇಳಿ ಈ ಚರಿತ್ರೆಯನ್ನು ಮುಗಿಸಿಬಿಡುವುದು ವಾಡಿಕೆ. ಆ ವಿವರಣೆ ಸಾಲದೆಂದು ನನಗೆ ತೋರುತ್ತದೆ. ಆಯುಧದ ಬದಲಾವಣೆಗಿಂತ ಗಾಢವಾದ ಬದಲಾವಣೆಯೊಂದು ಮೋಟಾರು ಕಾರಿನ ಮೂಲಕವೇ ಕಾಡನ್ನು ಹೊಕ್ಕಿತು. ಇರುಳಿನ ಮೇಲೆ ಮನುಷ್ಯನಿಗೆ ದೊರೆತ ಅಧಿಕಾರವೇ ಅದು. ಆ ಅಧಿಕಾರ ದೊರೆತ ಬಗೆಯನ್ನೂ, ಅದರಿಂದ ಒದಗಿದ ಹಾನಿಯನ್ನೂ, ಅದನ್ನು ಕಾಡಿಗೆ ಮರಳಿ ಒಪ್ಪಿಸಲು ನಡೆದ ಪ್ರಯತ್ನವನ್ನೂ ಬಿಟ್ಟು ಈ ಹಾದಿಗಳ ವೃತ್ತಾಂತವನ್ನು ಹೇಳುವುದು ಸಾಧ್ಯವಿಲ್ಲ.

ಮೋಟಾರಿಗೆ ಹಿಂದಿನ ಕಾಲದ ಪಯಣ ಸಾವಧಾನದ್ದು. 1864ರಲ್ಲಿ ಮದರಾಸಿನ ಕಡೆಯಿಂದ ರೈಲು ದಂಡಿನ ನಿಲ್ದಾಣವನ್ನು ಮುಟ್ಟಿತಾದರೂ, ರೈಲು ಬೇಟೆಗಾರನನ್ನು ಸೀಮೆಯಿಂದ ಸೀಮೆಗೆ ಒಯ್ಯುತ್ತಿತ್ತೇ ಹೊರತು ಕಾಡಿನೊಳಕ್ಕೆ ಒಯ್ಯುತ್ತಿರಲಿಲ್ಲ. ಆಮೇಲಿನದೆಲ್ಲ ಎತ್ತಿನ ಬಂಡಿ, ಕುದುರೆ, ಕಾಲ್ನಡಿಗೆ. ಅದೇ 1864ರಲ್ಲಿ ಹದಿಹರೆಯದ ಹುಡುಗನಾಗಿ ಈ ದೇಶಕ್ಕೆ ಬಂದ ಜಿ. ಪಿ. ಸ್ಯಾಂಡರ್ಸನ್ನರು ಮೈಸೂರು ಸೀಮೆಯಲ್ಲಿ ನಾಲೆಗಳ ಉಸ್ತುವಾರಿಯ ಕೆಲಸಕ್ಕೆ ಸೇರಿ, 1874ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ಕಟ್ಟಿ ಆನೆಗಳ ಹಿಂಡನ್ನೇ ಹಿಡಿದು ಹೆಸರಾದರು. 1878ರಲ್ಲಿ ಅಚ್ಚಾದ ಅವರ ಗ್ರಂಥವನ್ನು ಓದಿದಾಗ ಎದ್ದು ಕಾಣುವುದು ಬೇಟೆಯ ಸಾಹಸಕ್ಕಿಂತ ಹೆಚ್ಚಾಗಿ ಅವರಿಗಿದ್ದ ಕಾಲಾವಕಾಶ: ಒಂದೇ ಸೀಮೆಯ ಕೆರೆ ಕುಂಟೆ ಹಳ್ಳಗಳ ನಡುವೆ ವರ್ಷಗಟ್ಟಲೆ ಇದ್ದು, ಯಾವ ತಿಂಗಳಲ್ಲಿ ಆನೆ ಎತ್ತಣಿಂದ ಎತ್ತ ಹೋಗುವುದೆಂಬುದನ್ನು ಊರವರಷ್ಟೇ ಚೆನ್ನಾಗಿ ಅವರು ತಿಳಿದಿದ್ದರು. ಕತ್ತಲಾದ ಮೇಲೆ ಆ ಕಾಲದ ಕಾಡು ಮೃಗಗಳದೇ. ಬಂಡಿಯವನು ಹೊತ್ತು ಮುಳುಗುವ ಮೊದಲೇ ಎತ್ತುಗಳನ್ನು ಬಿಚ್ಚಿ ಬೆಂಕಿ ಹಾಕಿಕೊಳ್ಳುತ್ತಿದ್ದ. ಅಟ್ಟಣೆಯನ್ನು ಏರಿ ಕೂರುವ ಬೇಟೆಗಾರನು ಹುಣ್ಣಿಮೆಯ ಆಸುಪಾಸಿನ ದಿನಗಳನ್ನು ಎಣಿಸಿ ಕಾಯಬೇಕಾಗಿತ್ತು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದಂಡಿನ ಬೀದಿಗಳಿಗೆ ಮೋಟಾರು ಬಂದು ಈ ಸಾವಧಾನವನ್ನು ಕದಲಿಸಿತು. ವಾರಗಟ್ಟಲೆಯ ರಜೆಯಿಲ್ಲದ ಗುಮಾಸ್ತನೂ ಎಂಜಿನಿಯರನೂ ಶನಿವಾರ ಮಧ್ಯಾಹ್ನ ಕಚೇರಿ ಮುಗಿಸಿ ಹೊರಟು ಕಾಡಿನಲ್ಲಿ ರಾತ್ರಿ ಕಳೆದು ಸೋಮವಾರದ ಹಾಜರಿಗೆ ಮರಳುವುದು ಸಾಧ್ಯವಾದುದು ಆಗ. ಈ ಹೊಸ ಬಗೆಯ ಪ್ರಯಾಣಿಕರಲ್ಲಿ ಎಲ್ಲರಿಗಿಂತ ಹೆಸರಾದವರು ಕೆನ್ನೆತ್ ಆಂಡರ್ಸನ್. 1910ರಲ್ಲಿ ಹೈದರಾಬಾದು ಸಂಸ್ಥಾನದ ಬೊಲಾರಮ್ಮಿನಲ್ಲಿ ಹುಟ್ಟಿದ ಅವರು ಬೆಂಗಳೂರಿನಲ್ಲಿ ಬೆಳೆದು, ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಮೊದಲು ಅಂಚೆ ತಂತಿ ಇಲಾಖೆಯಲ್ಲೂ ಆಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲೂ ಉದ್ಯೋಗದಲ್ಲಿದ್ದರು. ದೊಡ್ಡ ಅಧಿಕಾರಿಯಲ್ಲ, ರಾಜರ ಅತಿಥಿಯೂ ಅಲ್ಲ. ದುಡಿದು ಉಣ್ಣುವ ಮಧ್ಯಮವರ್ಗದ ಮನುಷ್ಯ. 1954ರಲ್ಲಿ ಪ್ರಕಟವಾದ ಅವರ ಮೊದಲ ಪುಸ್ತಕದ ಅಧ್ಯಾಯಗಳ ಹೆಸರುಗಳನ್ನು ಒಂದರ ಕೆಳಗೊಂದು ಓದಿದರೆ ಅದು ಬೆಂಗಳೂರನ್ನು ಕೇಂದ್ರವಾಗಿಟ್ಟು ಬರೆದ ಒಂದು ರಸ್ತೆಯ ಭೂಪಟದಂತೆಯೇ ಇದೆ: ಜವಳಗಿರಿ, ಗುಮ್ಮಳಾಪುರ, ಪಣಪಟ್ಟಿ, ಚಾಮಲ ಕಣಿವೆ, ದೇವರಾಯನದುರ್ಗ, ಕೊನೆಗೆ ಊರಿನ ಮಗ್ಗುಲಿನಲ್ಲಿಯೇ ಇದ್ದ ಜಾಲಹಳ್ಳಿ. ಈಗ ಕಾರ್ಖಾನೆಗಳೂ ಬಡಾವಣೆಗಳೂ ತುಂಬಿಕೊಂಡಿರುವ ಜಾಲಹಳ್ಳಿಯಲ್ಲಿ ಚಿರತೆಯೊಂದನ್ನು ಅರಸಿ ಜನ ಅಲೆದಿದ್ದರೆಂಬುದನ್ನು ಇಂದಿನ ಮಕ್ಕಳಿಗೆ ಹೇಳಿದರೆ ಅವರು ನಂಬಲು ತುಸು ಹೊತ್ತು ಬೇಕಾಗುತ್ತದೆ.

ದಂಡಿನಿಂದ ಹೊರಟ ಕಾರು ಹೊಸೂರು ರಸ್ತೆಯನ್ನು ಹಿಡಿದು, ಅತ್ತಿಬೆಲೆಯ ಬಳಿ ಮೈಸೂರು ಸಂಸ್ಥಾನದ ಎಲ್ಲೆಯನ್ನು ಕಳೆದು, ಹೊಸೂರು, ಮತ್ತಿಗಿರಿ, ಡೆಂಕಣಿಕೋಟೆಗಳ ಮೂಲಕ ಅಂಚೆಟ್ಟಿಯ ಇಳಿಜಾರಿಗೆ ಬರುವುದು ಒಂದು ದಾರಿ. ಆನೇಕಲ್ಲಿನ ಮೇಲೆ ತಳಿಗೆ ಹೋಗಿ ಅಲ್ಲಿಂದ ಜವಳಗಿರಿಗೆ ಸೇರುವುದು ಇನ್ನೊಂದು. ಜವಳಗಿರಿ ಬೆಂಗಳೂರಿಗೆ ಸುಮಾರು 60 ಕಿಲೋಮೀಟರು ದೂರ. ಈ ಸೀಮೆಯೆಲ್ಲ ಆಗ ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ ಸೇರಿತ್ತು. ಆದರೆ ಎಲ್ಲೆಯ ಕಲ್ಲು ದಾಟಿದ ಮಾತ್ರಕ್ಕೆ ಮಾತು ಬದಲಾಗುತ್ತಿರಲಿಲ್ಲ. ತಳಿ, ಗುಮ್ಮಳಾಪುರ, ಜವಳಗಿರಿಗಳ ಹಳ್ಳಿಗಳಲ್ಲಿ ಅಂದೂ ಕನ್ನಡದ ಮನೆಗಳು ಹೇರಳವಾಗಿದ್ದುವು, ಇಂದೂ ಇವೆ. ತಳಿಯ ತಂಪು ಹವೆಯನ್ನು ಮೆಚ್ಚಿದ ಬ್ರಿಟಿಷರು ಅದನ್ನು ಪುಟ್ಟ ಇಂಗ್ಲೆಂಡ್ ಎಂದು ಕೊಂಡಾಡಿದ್ದರು. ಆ ತಂಪಿನ ಬಯಲಿನ ಆಚೆಗೆ ನೆಲ ಒಮ್ಮೆಲೆ ಕುಸಿದು, ಬಿದಿರು ಮೆಳೆಗಳ ಕಣಿವೆಗಳಾಗಿ ಒಡೆದು, ಕಾವೇರಿಯವರೆಗೆ ಇಳಿಯುತ್ತದೆ.

ಆ ರಸ್ತೆಗಳ ಮೇಲೆ ಅಂದಿನ ಕಾರನ್ನು ನಡೆಸುವುದು ಸಾಮಾನ್ಯ ಶ್ರಮವಲ್ಲ. ಆಂಡರ್ಸನ್ನರ ಸ್ಟೂಡಿಬೇಕರ್ ಕಾರು ಅವರ ಕಥೆಗಳಲ್ಲಿ ಒಂದು ಪಾತ್ರವೇ ಆಗಿ ಬರುತ್ತದೆ. ಅದರ ಪೀಳಿಗೆಯ ಕಾರುಗಳು ಎತ್ತರವಾಗಿದ್ದುವು, ನೆಲಕ್ಕೂ ಹೊಟ್ಟೆಗೂ ನಡುವೆ ಸಾಕಷ್ಟು ತೆರಪಿತ್ತು. ಬಂಡಿ ಜಾಡಿನ ದಿಂಡು ನಡುವೆ ಉಬ್ಬಿದ್ದರೂ ಅವು ದಾಟಿಕೊಂಡು ಹೋಗುತ್ತಿದ್ದುವು. ಇಂಜಿನು ಮಲಗಿದರೆ ಮುಂಭಾಗಕ್ಕೆ ಹ್ಯಾಂಡಲು ಹೊಡೆದು ಎಬ್ಬಿಸಬೇಕು. ಏರಿನಲ್ಲಿ ರೇಡಿಯೇಟರಿನ ನೀರು ಕುದಿದರೆ ಆರುವವರೆಗೆ ಕಾದು, ಹಳ್ಳದ ನೀರನ್ನು ಬಟ್ಟೆಯಲ್ಲಿ ಸೋಸಿ ಹೊಯ್ಯಬೇಕು. ಚಕ್ರಕ್ಕೆ ಜಾಲಿಮುಳ್ಳು ನೆಟ್ಟರೆ ಟ್ಯೂಬನ್ನು ಹೊರಗೆಳೆದು ಪ್ಯಾಚು ಹಾಕಿ ಕೈಪಂಪಿನಿಂದ ಗಾಳಿ ತುಂಬಬೇಕು. ಪೆಟ್ರೋಲನ್ನು ಡಬ್ಬಗಳಲ್ಲಿ ಊರಿನಿಂದಲೇ ಕೊಂಡೊಯ್ಯಬೇಕು. ಮಳೆ ಬಂದು ಹಳ್ಳ ತುಂಬಿದರೆ ಈಚೆ ದಡದಲ್ಲಿ ರಾತ್ರಿ ಕಳೆಯುವುದಲ್ಲದೆ ಬೇರೆ ದಾರಿಯಿರಲಿಲ್ಲ. ಕಾರಿನ ವೇಗವನ್ನು ಕುರಿತು ನಾವು ಎಷ್ಟೇ ಮಾತನಾಡಿದರೂ, ಆ ಕಾಲದ ಕಾರು ತನ್ನ ಒಡೆಯನನ್ನು ಹೆಜ್ಜೆಹೆಜ್ಜೆಗೂ ಕೆಳಗಿಳಿಸಿ, ನೆಲದ ಮೇಲೆ ನಿಲ್ಲಿಸಿ, ಊರವರ ಸಹಾಯವನ್ನು ಬೇಡುವಂತೆ ಮಾಡುತ್ತಿತ್ತು. ಅಂಥ ನಿಲುಗಡೆಗಳಲ್ಲಿಯೇ ಕಾಡಿನ ಪರಿಚಯ ಬೆಳೆಯುತ್ತಿತ್ತೆಂದು ನನ್ನ ನಂಬಿಕೆ.

ಪೂರ್ವಕ್ಕೆ ಇನ್ನೊಂದು ಹೆದ್ದಾರಿಯಿತ್ತು. ಹಲಸೂರಿನಿಂದ ಹೊರಟ ಹಳೆಯ ಮದರಾಸು ರಸ್ತೆ ಬಿನ್ನಮಂಗಲದ ಹೊಲಗಳನ್ನು ಬಲಕ್ಕೆ ಬಿಟ್ಟು, ಕೃಷ್ಣರಾಜಪುರ, ಹೊಸಕೋಟೆ, ಕೋಲಾರ, ಮುಳಬಾಗಿಲುಗಳನ್ನು ಹಾದು, ಪಲಮನೇರು ಘಟ್ಟವನ್ನು ಇಳಿದು ಚಿತ್ತೂರಿಗೆ ಹೋಗುತ್ತದೆ. ಚಾಮಲ ಕಣಿವೆಯ ಹುಲಿಯ ಬೆನ್ನು ಹತ್ತಿದವರು ಹೋಗಬೇಕಾಗಿದ್ದುದು ಈ ದಿಕ್ಕಿಗೆ, ಇನ್ನೂರು ಕಿಲೋಮೀಟರಿಗೂ ಮಿಕ್ಕ ದೂರ. ಕೆರೆಗಳ ಏರಿಯ ಮೇಲೆ ಸಾಗುವ ಆ ಬಯಲುಸೀಮೆಯ ರಸ್ತೆಯಲ್ಲಿ ಕಾಡೆಂಬುದು ಕಣ್ಣಿಗೆ ಬೀಳುವುದು ಬಹಳ ಹೊತ್ತಿನ ಮೇಲೆ. ಅದರ ವಿಚಾರವನ್ನು ಇಲ್ಲಿಗೆ ಬಿಟ್ಟು, ಕೊನೆಯಲ್ಲಿ ಮತ್ತೊಮ್ಮೆ ಎತ್ತಿಕೊಳ್ಳಬೇಕಾಗಿದೆ.

ಕಾರಿನ ಒಡೆಯರ ಹೆಸರುಗಳು ಪುಸ್ತಕಗಳಲ್ಲಿ ಉಳಿದುವು. ಅವರನ್ನು ಕಾಡಿನೊಳಗೆ ಕರೆದೊಯ್ದವರ ಹೆಸರುಗಳು ಬಹುಮಟ್ಟಿಗೆ ಉಳಿಯಲಿಲ್ಲ. ಆಂಡರ್ಸನ್ನರು ಈ ಋಣವನ್ನು ಮರೆಯದ ಕೆಲವರಲ್ಲಿ ಒಬ್ಬರು. ಬೈರನೆಂಬ ಪೂಜಾರಿ ಜನದ ಕಾಡಿನ ಮನುಷ್ಯನಿಗೆ ತಮ್ಮ ಮೊದಲ ಪುಸ್ತಕದಲ್ಲಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ತಮಗೆ ಕಾಡಿನ ವಿದ್ಯೆಯನ್ನು ಕಲಿಸಿದವನೆಂದು ಅವನನ್ನು ಗೌರವಿಸಿದ್ದಾರೆ. ಬಂಡೀಪುರ ಕಾಕನಕೋಟೆಗಳ ಕಡೆಯಲ್ಲಿ ಜೇನುಕುರುಬರು, ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು, ಬನ್ನೇರುಘಟ್ಟ ಮಾಗಡಿಗಳ ಸುತ್ತ ಇರುಳಿಗರು ಇದೇ ಕೆಲಸವನ್ನು ಮಾಡುತ್ತಿದ್ದವರು. ಮಣ್ಣಿನ ಮೇಲಿನ ಹೆಜ್ಜೆ ರಾತ್ರಿಯದೋ ಬೆಳಗಿನದೋ ಎಂಬುದನ್ನು ಅದರ ಅಂಚಿನ ಮೇಲೆ ಬಿದ್ದ ಇಬ್ಬನಿಯಿಂದ, ಅದರ ಮೇಲೆ ಹಾದ ಹುಳುವಿನ ಗೆರೆಯಿಂದ ಹೇಳುವ ವಿದ್ಯೆ ಅವರದು. ಕಡವೆಯ ಕೂಗು ಹುಲಿಗಾಗಿಯೋ ಸೀಳುನಾಯಿಗಾಗಿಯೋ ಎಂದು ಬಗೆದು ಹೇಳುವ ಕಿವಿ ಅವರದು. ಇಂದು ಅರಣ್ಯ ಇಲಾಖೆಯ ಬೇಟೆ ತಡೆ ಶಿಬಿರಗಳಲ್ಲಿ ಕಾವಲಿರುವವರಲ್ಲಿ ಈ ಮನೆತನಗಳ ಮಕ್ಕಳು ಅನೇಕರಿದ್ದಾರೆ. ಕಾಡನ್ನು ನೋಡಲು ಹೋದವರು ಸಂಜೆ ಜೀಪಿನಿಂದಿಳಿದು ತಮಗೆ ಹುಲಿ ತೋರಿಸಿದವನ ಹೆಸರನ್ನು ಕೇಳಿ ತಿಳಿದುಕೊಳ್ಳದೆ ಹಿಂದಿರುಗುವುದನ್ನು ಕಂಡಾಗ ನನಗೆ ಮನಸ್ಸು ನೋಯುತ್ತದೆ.

ಇನ್ನು ದೀಪದ ವಿಚಾರ. ಹುಲಿ, ಚಿರತೆ, ಜಿಂಕೆ, ಕಡವೆ ಮೊದಲಾದ ಅನೇಕ ಮೃಗಗಳ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಒಂದು ಪೊರೆಯಿದೆ. ನಕ್ಷತ್ರಗಳ ಮಂದ ಬೆಳಕನ್ನೂ ಅದು ಎರಡು ಸಲ ಕಣ್ಣಿಗೆ ಉಣಿಸಿ, ಇರುಳಿನಲ್ಲಿ ಅವಕ್ಕೆ ದಾರಿ ಕಾಣಿಸುತ್ತದೆ. ಮನುಷ್ಯನಿಗೆ ಅದಿಲ್ಲ, ಕೋತಿಗಿಲ್ಲ, ಹಂದಿಗೂ ಇಲ್ಲ. ನಿಸರ್ಗವು ಕೊಟ್ಟ ಈ ಉಪಕಾರವೇ ಮೋಟಾರಿನ ದೀಪದ ಮುಂದೆ ಅವಕ್ಕೆ ಅಪಕಾರವಾಯಿತು. ಪ್ರಖರವಾದ ಬೆಳಕು ಕಣ್ಣಿಗೆ ಬಿದ್ದ ಜಿಂಕೆ ಓಡುವುದಿಲ್ಲ, ನಿಂತಲ್ಲಿಯೇ ದಿಗ್ಭ್ರಮೆಯಿಂದ ನಿಲ್ಲುತ್ತದೆ; ಅದರ ಕಣ್ಣುಗಳು ಹೊಳೆದು, ಮೈ ಕತ್ತಲೆಯಲ್ಲಿದ್ದರೂ ಗುರಿಯನ್ನು ತಾವಾಗಿಯೇ ತೋರಿಸಿಕೊಡುತ್ತವೆ. ಅನುಭವಿಗಳಾದವರು ಹೊಳಪಿನ ಬಣ್ಣದಿಂದ, ನೆಲದಿಂದ ಅದಕ್ಕಿರುವ ಎತ್ತರದಿಂದ, ಜೋಡಿಗಳು ಗುಂಪಾಗಿವೆಯೋ ಒಂಟಿಯಾಗಿದೆಯೋ ಎಂಬುದರಿಂದ, ಮೃಗ ಯಾವುದೆಂದು ದೂರದಿಂದಲೇ ಹೇಳಬಲ್ಲವರಾಗಿದ್ದರು. ಬೆಳದಿಂಗಳಿಗಾಗಿ ಕಾಯುವ ಅಗತ್ಯ ತಪ್ಪಿತು. ನಡೆಯುವ ಅಗತ್ಯ ತಪ್ಪಿತು. ಮೃಗದ ನಡೆನುಡಿಯನ್ನು ಅರಿಯುವ ಅಗತ್ಯವೂ ತಪ್ಪಿತು.

ಎರಡನೆಯ ಮಹಾಯುದ್ಧ ಈ ಕೇಡನ್ನು ನೂರ್ಮಡಿಗೊಳಿಸಿತು. 1940ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರೂ ಮೈಸೂರು ಸರ್ಕಾರವೂ ಸೇರಿ ಹಲಸೂರಿನ ಪೂರ್ವಕ್ಕೆ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಯಿತು; ಹಲಸೂರಿನಿಂದ ವಿಮಾನಪುರದವರೆಗೆ ಸೈನಿಕರೂ ಸೈನ್ಯದ ವಾಹನಗಳೂ ತುಂಬಿಹೋದುವು. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಜೀಪುಗಳು ದೇಶದ ಉದ್ದಗಲಕ್ಕೂ ಹರಾಜಿಗೆ ಬಂದುವು. ನಾಲ್ಕು ಚಕ್ರಗಳಿಗೂ ಎಳೆಯುವ ಶಕ್ತಿಯಿದ್ದ, ಮಾಡಿಲ್ಲದ, ಎಲ್ಲಿ ಬೇಕಾದರೂ ನುಗ್ಗಬಲ್ಲ ಆ ವಾಹನ ಕಾಡಿಗಾಗಿಯೇ ಹುಟ್ಟಿದಂತಿತ್ತು. ಹಿಂದೆ ಬ್ಲ್ಯಾಕ್‌ಪಲ್ಲಿಯೆಂದು ಕರೆಯಲ್ಪಡುತ್ತಿದ್ದ ಶಿವಾಜಿನಗರದ ಗುಜರಿ ಬೀದಿಗಳಲ್ಲಿ ಹಳೆಯ ವಾಹನಗಳ ಬಿಡಿಭಾಗಗಳ ವ್ಯಾಪಾರ ಬೆಳೆದು, ಗೇರು ಪೆಟ್ಟಿಗೆಯಿಂದ ಹಿಡಿದು ದೀಪದ ಗುಂಡಿಯವರೆಗೆ ಸಿಗದ ವಸ್ತುವಿಲ್ಲವೆಂಬ ಕೀರ್ತಿ ಅದಕ್ಕೆ ಬಂದಿತು. ಕೆಟ್ಟ ಇಂಜಿನಿನ ಸದ್ದು ಕೇಳಿಯೇ ರೋಗ ಹೇಳುವ ಮೇಸ್ತ್ರಿಗಳ ಪರಂಪರೆ ಅಲ್ಲಿ ಬೇರೂರಿತು. ಆ ಕೈಚಳಕಕ್ಕೆ ನನ್ನ ಗೌರವ ಅಪಾರ. ಆದರೆ ಅಂಥ ಜೀಪುಗಳ ಮೂತಿಗೆ, ಪಕ್ಕಕ್ಕೆ, ಕೈಯಲ್ಲಿ ಹಿಡಿದು ಆಡಿಸುವಂತೆ ಬ್ಯಾಟರಿಗೆ ಜೋಡಿಸಿದ ದೊಡ್ಡ ದೀಪಗಳು ಬಂದಾಗ, ಕಾಡು ಹಿಂದೆಂದೂ ಕಾಣದ ಸಂಹಾರವನ್ನು ಕಂಡಿತು. ಬೇಟೆಯ ಹಳೆಯ ಕಟ್ಟುಪಾಡುಗಳನ್ನು ಪಾಲಿಸುತ್ತಿದ್ದವರು ಕೂಡ ಇದನ್ನು ಹೇಡಿಗಳ ಕೆಲಸವೆಂದು ತೆಗಳಿದರು. 1901ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದಲ್ಲಿ ಮೃಗ ಮತ್ತು ಮತ್ಸ್ಯಗಳ ಸಂರಕ್ಷಣೆಗೆ ಒಂದು ರೆಗ್ಯುಲೇಷನ್ನು ಬಂದಿತ್ತು. ಆದರೆ ಪರವಾನಗಿಯನ್ನೂ ಋತುವನ್ನೂ ಲೆಕ್ಕಿಸುವ ಕಾನೂನಿಗೆ, ಒಂದು ರಾತ್ರಿಯಲ್ಲಿ ಮೂರು ಸೀಮೆಗಳನ್ನು ಸುತ್ತಿ ಬೆಳಗಾಗುವುದರೊಳಗೆ ಊರು ಸೇರುವ ಜೀಪು ಎಲ್ಲಿ ಸಿಕ್ಕೀತು? ಕಡವೆಯೂ ಜಿಂಕೆಯೂ ತೀರಿದಲ್ಲಿ ಹುಲಿಗೆ ಆಹಾರವೂ ತೀರುತ್ತದೆ. ಬೆಂಗಳೂರಿನ ಸುತ್ತಿನ ಕುರುಚಲು ಕಾಡುಗಳು ಬರಿದಾದುದಕ್ಕೆ ಕೊಡಲಿಯೊಂದೇ ಕಾರಣವಲ್ಲ, ಈ ದೀಪವೂ ಕಾರಣ.

ಇದೇ ಕಾಲದಲ್ಲಿ, ಇದೇ ಕಾರಿನ ಮೂಲಕ, ಬೇರೊಂದು ವಿಚಾರವೂ ಬೆಳೆಯುತ್ತಿತ್ತು. ಆಫ್ರಿಕದ ದಕ್ಷಿಣದಲ್ಲಿ 1926ರಲ್ಲಿ ಸ್ಥಾಪಿತವಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಮರುವರ್ಷ ಪ್ರವಾಸಿಗಳ ಮೂರು ಕಾರುಗಳು ಪ್ರವೇಶಿಸಿದುವು. ಕಾರಿನಲ್ಲಿ ಕುಳಿತು ಮೃಗಗಳನ್ನು ನೋಡಿ ಬರಿಗೈಯಲ್ಲಿ ಮರಳುವ ವಿಹಾರಕ್ಕೆ ಅದೊಂದು ದೊಡ್ಡ ಆರಂಭ. ಮೈಸೂರಿನಲ್ಲಿ ಮೃಗಗಳನ್ನು ನೋಡುವ ಕೌತುಕಕ್ಕೆ ಬೇರೊಂದು ಪರಂಪರೆಯೇ ಇತ್ತು. ಕಾಕನಕೋಟೆಯ ಖೆಡ್ಡಾಕ್ಕೆ ವೈಸರಾಯರುಗಳೂ ಅರಸುಮಕ್ಕಳೂ ಅತಿಥಿಗಳಾಗಿ ಬಂದು, ಕಬಿನಿ ನದಿಯನ್ನು ಹಾಯ್ದು ಬರುವ ಆನೆಗಳ ಹಿಂಡನ್ನು ಎತ್ತರದಲ್ಲಿ ಕುಳಿತು ನೋಡುತ್ತಿದ್ದರು. 1971ರಲ್ಲಿ ಕೊನೆಯ ಖೆಡ್ಡಾ ಮುಗಿಯುವವರೆಗೆ ಈ ದೃಶ್ಯಕ್ಕೆ ಲೋಕಪ್ರಸಿದ್ಧಿಯಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1931ರಲ್ಲಿ, ಬಂಡೀಪುರದ ಸುಮಾರು 90 ಚದರ ಕಿಲೋಮೀಟರು ಕಾಡು ಮೃಗಗಳಿಗೆ ಅಭಯಸ್ಥಾನವೆಂದು ಘೋಷಿತವಾಯಿತು. 1941ರಲ್ಲಿ ಅದನ್ನು 800 ಚದರ ಕಿಲೋಮೀಟರಿಗೂ ಮಿಗಿಲಾಗಿ ವಿಸ್ತರಿಸಿ, ಹಿಮವದ್ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಿಂದ ವೇಣುಗೋಪಾಲ ವನ್ಯಮೃಗವನವೆಂದು ಕರೆದರು. ಸ್ವಾತಂತ್ರ್ಯಾನಂತರ ದೇಶಕ್ಕೆ ವನ್ಯಜೀವಿ ಮಂಡಲಿಯೊಂದು ಏರ್ಪಟ್ಟು, 1952ರಲ್ಲಿ ಅದರ ಮೊದಲ ಸಭೆ ಮೈಸೂರಿನಲ್ಲಿಯೇ ಸೇರಿದಾಗ ಅದಕ್ಕೆ ಅಧ್ಯಕ್ಷರಾಗಿದ್ದವರು ಜಯಚಾಮರಾಜ ಒಡೆಯರು. ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವ ರಸ್ತೆ ಬಂಡೀಪುರದ ನಡುವಿನಲ್ಲಿಯೇ ಹಾಯುತ್ತದೆ. ಬೇಸಗೆಯಲ್ಲಿ ಬೆಟ್ಟದ ತಂಪನ್ನು ಅರಸಿ ಕಾರುಗಳಲ್ಲಿ ಹೊರಟ ಬೆಂಗಳೂರಿನ ಕುಟುಂಬಗಳು ದಾರಿಯಲ್ಲಿಯೇ ಆನೆ ಕಾಟಿಗಳನ್ನು ಕಂಡು, ಮುಂದಿನ ಸಲ ಅವನ್ನು ನೋಡುವುದಕ್ಕೆಂದೇ ಅಲ್ಲಿ ಇಳಿಯುವ ರೂಢಿ ಹೀಗೆ ಬಂದಿತು.

ಬೇಟೆಗಾರರೇ ನೋಡುಗರಾದ ನಿದರ್ಶನಗಳೂ ಉಂಟು. ಆಂಡರ್ಸನ್ನರು ತಮ್ಮ ಉತ್ತರವಯಸ್ಸಿನಲ್ಲಿ ಕೋವಿಗಿಂತ ಕ್ಯಾಮೆರಾದ ಕಡೆಗೆ ಒಲಿದು, ಕಾಡು ಕರಗುತ್ತಿರುವುದನ್ನು ಕುರಿತು ದುಃಖದಿಂದ ಬರೆದರು. ಕೋವಿಯನ್ನು ಹಿಡಿಯದೆ ಕ್ಯಾಮೆರಾದಿಂದಲೇ ತೊಡಗಿದ ಒಂದು ಪಂಗಡವೂ ಬೆಂಗಳೂರಿನಲ್ಲಿ ತಲೆಯೆತ್ತಿತು: ಇ. ಹನುಮಂತರಾಯರು, ಟಿ. ಎನ್. ಎ. ಪೆರುಮಾಳರು ಅದರ ಹಿರಿಯರು. 1932ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಪೆರುಮಾಳರು ಕಪ್ಪು ಬಿಳುಪಿನ ಚಿತ್ರಗಳಲ್ಲಿ ಹಕ್ಕಿಯ ಗೂಡನ್ನೂ ಮೃಗದ ನಿಲುವನ್ನೂ ಹಿಡಿದ ರೀತಿ, ಮರೆಯಲ್ಲಿ ಗಂಟೆಗಟ್ಟಲೆ ಕದಲದೆ ಕುಳಿತ ತಾಳ್ಮೆಯ ಫಲ. ಮುಂದಿನ ತಲೆಮಾರಿನ ಎಷ್ಟೋ ಛಾಯಾಗ್ರಾಹಕರಿಗೆ ಅವರು ಗುರುವಾದರು. ಕನ್ನಡದ ಸಾಮಾನ್ಯ ಓದುಗರಿಗೆ ಈ ಕಾಡುಗಳನ್ನು ಮನೆಯೊಳಕ್ಕೆ ತಂದುಕೊಟ್ಟವರು ಪೂರ್ಣಚಂದ್ರ ತೇಜಸ್ವಿ. ಆಂಡರ್ಸನ್ನರ ವೃತ್ತಾಂತಗಳನ್ನು ನಾಲ್ಕು ಭಾಗಗಳ 'ಕಾಡಿನ ಕಥೆಗಳು' ಆಗಿ ಅವರು ಕನ್ನಡಕ್ಕೆ ಒಗ್ಗಿಸಿದುದರಿಂದ, ದಂಡಿನ ಕ್ಲಬ್ಬುಗಳಲ್ಲಿ ಇಂಗ್ಲಿಷಿನಲ್ಲಿ ಆಡಿಕೊಳ್ಳುತ್ತಿದ್ದ ಕಥೆ ಹಳ್ಳಿಯ ಶಾಲೆಯ ಹುಡುಗನ ಸೊತ್ತಾಯಿತು. ಆ ಕಥೆಗಳಲ್ಲಿ ಬರುವ ಊರುಗಳ ಜನರ ಮಾತಿಗೆ ಅವು ಮರಳಿ ಬಂದುವೆನ್ನುವುದೇ ಹೆಚ್ಚು ಸರಿ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಇತಿಹಾಸದ ತಿರುವು. ಅದರ ಮೂಲ ಪಠ್ಯದ 17ನೆಯ ಪ್ರಕರಣವನ್ನು ಇಂದು ಯಾರೂ ನೆನೆಯುವುದಿಲ್ಲ. ನನಗೆ ಮಾತ್ರ ಅದು ಆ ಕಾಲದ ಕಾಡಿನ ಸ್ಥಿತಿಯನ್ನು ಹೇಳುವ ದೊಡ್ಡ ದಾಖಲೆಯಾಗಿ ಕಾಣುತ್ತದೆ. ಚಕ್ರವುಳ್ಳ ಅಥವಾ ಯಂತ್ರಬಲದಿಂದ ಚಲಿಸುವ ವಾಹನದಿಂದ ಬೇಟೆಯಾಡುವುದು, ಮೃಗಗಳನ್ನು ಮೋಟಾರಿನಿಂದ ಅಟ್ಟುವುದು, ಕೃತಕ ಬೆಳಕನ್ನು ಬಳಸುವುದು, ಇರುಳಿನಲ್ಲಿ ಬೇಟೆಗಿಳಿಯುವುದು, ಇವನ್ನು ಒಂದೊಂದಾಗಿ ಹೆಸರಿಸಿ ಅದು ನಿಷೇಧಿಸಿತ್ತು. ಹೆಸರಿಸಬೇಕಾಯಿತೆಂದರೆ ಅವು ಅಷ್ಟು ವ್ಯಾಪಕವಾಗಿದ್ದುವೆಂದೇ ಅರ್ಥ. ಬೇಟೆಯೇ ಪೂರ್ತಿಯಾಗಿ ನಿಷಿದ್ಧವಾದ 1991ರ ತಿದ್ದುಪಡಿಯಲ್ಲಿ ಆ ಪ್ರಕರಣವನ್ನು ಕೈಬಿಡಲಾಯಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆರಿಸಿದ ಮೊದಲ ಒಂಬತ್ತು ವನಗಳಲ್ಲಿ ಬಂಡೀಪುರ ಒಂದು. ಅದರ ಮರುವರ್ಷ ಬನ್ನೇರುಘಟ್ಟದ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಆಂಡರ್ಸನ್ನರು ಬೆಂಗಳೂರಿನಲ್ಲಿ ಕಣ್ಮುಚ್ಚಿದುದೂ ಆ 1974ರಲ್ಲಿಯೇ.

ಆ ಹೊತ್ತಿಗೆ ದಂಡಿನ ಸಮಾಜವೂ ಬದಲಾಗಿತ್ತು. ದಂಡು, ಎಂದರೆ ಸರ್ಕಾರೀ ಹೆಸರಿನ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್, 1947ರಲ್ಲಿ ಮೈಸೂರಿಗೆ ಹಿಂದಿರುಗಿ, 1949ರಲ್ಲಿ ಪೇಟೆಯೂ ದಂಡೂ ಒಂದೇ ನಗರಸಭೆಯ ಆಡಳಿತಕ್ಕೆ ಬಂದಿದ್ದುವು. 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆ ಏರ್ಪಟ್ಟು ದೂರವಾಣಿನಗರವಾಯಿತು. ಬಿನ್ನಮಂಗಲದ ಹೊಲಗಳು ವಿಮಾನ ಕಾರ್ಖಾನೆಯ ಎರಡನೆಯ ಹಂತದ ಬಡಾವಣೆಯಾಗಿ, ಆಮೇಲೆ ಇಂದಿರಾನಗರವಾದುವು. ಕಾಡಿಗೆ ಹೋಗುವವರು ಈಗ ಸೈನ್ಯಾಧಿಕಾರಿಗಳಲ್ಲ; ಕಾರ್ಖಾನೆಯ ಎಂಜಿನಿಯರರು, ಬ್ಯಾಂಕಿನವರು, ಶಾಲೆಯ ಉಪಾಧ್ಯಾಯರು. ಬಾಡಿಗೆಯ ಅಂಬಾಸಡರ್ ಕಾರಿನಲ್ಲಿ ಹಿಂದೆ ನಾಲ್ವರು ಮುಂದೆ ಮೂವರು ಕುಳಿತು, ಚಿತ್ರಾನ್ನದ ಡಬ್ಬಿಯನ್ನೂ ನೀರಿನ ಕೂಜೆಯನ್ನೂ ಕಾಲ ಬಳಿ ಇಟ್ಟುಕೊಂಡು, ಮೈಸೂರು, ನಂಜನಗೂಡು, ಗುಂಡ್ಲುಪೇಟೆಗಳ ಮೇಲೆ ಸುಮಾರು 220 ಕಿಲೋಮೀಟರು ಸಾಗಿ ಬಂಡೀಪುರಕ್ಕೆ ಹೋದ ನೆನಪು ಪೂರ್ವ ಬೆಂಗಳೂರಿನ ಎಷ್ಟೋ ಮನೆಗಳ ಹಳೆಯ ಆಲ್ಬಮ್ಮುಗಳಲ್ಲಿದೆ. 1980ರಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿತು. ಬಹುಕಾಲ ಅದರ ಕಚೇರಿ ಇದ್ದುದು ದಂಡಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿಯೇ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ ಮಹಾರಾಜರ ಬೇಟೆಯ ಬಂಗಲೆಯನ್ನು ಅದು ಅತಿಥಿಗೃಹವನ್ನಾಗಿ ಮಾಡಿತು. 1974ರ ಕಬಿನಿ ಅಣೆಕಟ್ಟಿನಿಂದ ಕಾಕನಕೋಟೆಯ ಕಾಡು ಬಹುಭಾಗ ಮುಳುಗಿದ್ದರೂ, ಬೇಸಗೆಯಲ್ಲಿ ನೀರು ಇಳಿದ ದಂಡೆಯ ಹುಲ್ಲಿಗೆ ಆನೆಗಳು ನೂರಾರಾಗಿ ಬಂದು ಸೇರತೊಡಗಿದ್ದುವು. ಅಲ್ಲಿನ ಆತಿಥ್ಯಕ್ಕೆ ದಶಕಗಳ ಕಾಲ ಹಿರಿಯರಾಗಿದ್ದು 2010ರಲ್ಲಿ ತೀರಿಕೊಂಡ ಕರ್ನಲ್ ಜಾನ್ ವೇಕ್‌ಫೀಲ್ಡರು ತಾವೂ ಒಂದು ಕಾಲದ ಬೇಟೆಗಾರರು. ಸ್ವಂತ ಕಾರನ್ನು ಹೊರಗೆ ನಿಲ್ಲಿಸಿ, ಗೊತ್ತಾದ ವಾಹನದಲ್ಲಿ, ಗೊತ್ತಾದ ಹೊತ್ತಿನಲ್ಲಿ, ಗೊತ್ತಾದ ಹಾದಿಯಲ್ಲಿ ಮಾತ್ರ ಹೋಗಿಬರಬೇಕೆಂಬ ಕ್ರಮ ಕಾಲಕ್ರಮದಲ್ಲಿ ನೆಲೆಗೊಂಡಿತು. ಈ ಕಟ್ಟನ್ನು ಕುರಿತು ಅಸಮಾಧಾನಪಡುವವರಿದ್ದಾರೆ. ಒಂದು ಕಾಲದಲ್ಲಿ ಕಟ್ಟಿಲ್ಲದ ಕಾರು ಕಾಡಿನಲ್ಲಿ ಏನು ಮಾಡಿತೆಂಬುದನ್ನು ಬಲ್ಲವರಿಗೆ ಆ ಅಸಮಾಧಾನ ಬರಲಾರದು.

ಸಂಜೆಯ ಸಫಾರಿ ಮುಗಿದು ಗೇಟು ಮುಚ್ಚಿದರೂ ಹೆದ್ದಾರಿ ಮುಚ್ಚುತ್ತಿರಲಿಲ್ಲ. ಬಂಡೀಪುರದ ಮೂಲಕ ಉದಕಮಂಡಲಕ್ಕೆ ಒಂದು, ವಯನಾಡಿಗೆ ಇನ್ನೊಂದು, ಹೀಗೆ ಎರಡು ರಾಷ್ಟ್ರೀಯ ಹೆದ್ದಾರಿಗಳು ಹಾಯುತ್ತವೆ. ರಾತ್ರಿಯೆಲ್ಲ ಲಾರಿಗಳೂ ಬಸ್ಸುಗಳೂ ಕಾರುಗಳೂ ಹರಿದು, ಬೆಳಗಾದರೆ ರಸ್ತೆಯ ಮೇಲೆ ಜಿಂಕೆ, ಚಿರತೆ, ಕಾಡುಬೆಕ್ಕು, ಹೆಬ್ಬಾವುಗಳು ಸತ್ತು ಬಿದ್ದಿರುತ್ತಿದ್ದುವು. ಇಲ್ಲಿ ಕೋವಿಯಿಲ್ಲ, ದ್ವೇಷವಿಲ್ಲ. ಹಿಂದಿನ ಅದೇ ದೀಪ, ಹಿಂದಿನ ಅದೇ ದಿಗ್ಭ್ರಮೆ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು ನಿಲ್ಲಿಸಿ ಆಜ್ಞೆ ಹೊರಡಿಸಿದರು. ಒತ್ತಡ ಬಂದು ಕೆಲವೇ ದಿನಗಳಲ್ಲಿ ಅದು ಹಿಂದಕ್ಕೆ ಹೋಯಿತು. ವ್ಯಾಜ್ಯ ಉಚ್ಚ ನ್ಯಾಯಾಲಯಕ್ಕೆ ಮುಟ್ಟಿ, ನಿರ್ಬಂಧ ಮತ್ತೆ ಜಾರಿಗೆ ಬಂದು, 2010ರ ಮಾರ್ಚಿನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅನಿವಾರ್ಯವಾದ ತುರ್ತು ವಾಹನಗಳಿಗೂ ಗೊತ್ತುಮಾಡಿದ ಕೆಲವು ಬಸ್ಸುಗಳಿಗೂ ಮಾತ್ರ ಅಲ್ಲಿ ಇರುಳಿನ ಅನುಮತಿಯುಂಟು. ಉಳಿದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟಗಳ ಸುತ್ತುದಾರಿಯಿದೆ. ಕೇರಳದ ವರ್ತಕರಿಗೂ ರೋಗಿಗಳಿಗೂ ಇದರಿಂದ ಆಗುವ ತೊಂದರೆಯನ್ನು ನಾನು ಅಲ್ಲಗಳೆಯುವುದಿಲ್ಲ, ನಿರ್ಬಂಧವನ್ನು ಸಡಿಲಿಸಬೇಕೆಂಬ ಒತ್ತಾಯ ಇನ್ನೂ ಬರುತ್ತಲೇ ಇದೆಯೆಂಬುದನ್ನೂ ಬಲ್ಲೆ. ಆದರೂ ಶತಮಾನದ ಮೋಟಾರು ಚರಿತ್ರೆಯಲ್ಲಿ ಮನುಷ್ಯನು ಕಾಡಿನಿಂದ ಪಡೆದುಕೊಂಡುದನ್ನು ಕಾಡಿಗೆ ಹಿಂದಿರುಗಿಸಿದ ಸಂದರ್ಭ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲವೆಂದು ದೃಢವಾಗಿ ಹೇಳಬಲ್ಲೆ.

ಬಂಡೀಪುರಕ್ಕೆ ದೊರೆತ ಈ ಗೌರವ ದಂಡಿನ ಮೊದಲ ಮೋಟಾರುಗಳು ಅರಸಿಹೋದ ಕಾಡುಗಳಿಗೆ ಇನ್ನೂ ದೊರೆತಿಲ್ಲ. ಜವಳಗಿರಿ, ಅಂಚೆಟ್ಟಿಗಳ ಕಾಡು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವಾಯಿತು, ಸುಮಾರು 504 ಚದರ ಕಿಲೋಮೀಟರು. 2022ರಲ್ಲಿ ಅದಕ್ಕೆ ಹೊಂದಿದ ಕಾವೇರಿ ದಕ್ಷಿಣ ಧಾಮವೂ ಸೇರಿತು. ಎಲ್ಲೆಯ ಈಚೆ ಬದಿಯ ಕರ್ನಾಟಕದಲ್ಲಿ 1987ರಷ್ಟು ಹಿಂದೆಯೇ ಘೋಷಿತವಾದ ಕಾವೇರಿ ಧಾಮವೂ ಬನ್ನೇರುಘಟ್ಟವೂ ಇವೆ. ಕಾಗದದ ಮೇಲೆ ಇದೊಂದು ಅಖಂಡವಾದ ಅರಣ್ಯಪಂಕ್ತಿ. ಆನೆಗಳು ಆ ಕಾಗದವನ್ನು ಮೀರಿದ ದೂರಕ್ಕೆ ನಡೆಯುತ್ತವೆ. ರಾಗಿ ತೆನೆ ಕಟ್ಟುವ ಕಾಲಕ್ಕೆ ಅವುಗಳ ಹಿಂಡುಗಳು ಹೊಸೂರಿನ ಬಳಿಯ ಸಾನಮಾವು ಕಾಡಿಗೆ ಬಂದು ನಿಲ್ಲುತ್ತವೆ. 1980ರ ದಶಕದಲ್ಲಿ ಇಂಥ ಹಿಂಡುಗಳೇ ಪೂರ್ವಕ್ಕೆ ನಡೆದು, ಪಲಮನೇರಿನ ಸೀಮೆಯಲ್ಲಿ ಆನೆಯೆಂಬುದನ್ನೇ ಮರೆತಿದ್ದ ಜನರ ನಡುವೆ ಮತ್ತೆ ನೆಲೆಯೂರಿದುವು. ಅವುಗಳಿಗಾಗಿ 1990ರಲ್ಲಿ ಕೌಂಡಿನ್ಯ ಧಾಮ ಏರ್ಪಟ್ಟಿತು. ಹಲಸೂರಿನಿಂದ ಹಳೆಯ ಮದರಾಸು ರಸ್ತೆಯಲ್ಲಿ ಕಾರು ನಡೆಸಿದವನು ಮುಳಬಾಗಿಲನ್ನು ದಾಟಿ ಮುಟ್ಟುವ ಕಾಡು ಇದು.

ಪೂರ್ವಕ್ಕೆ ನಡೆಯುವ ಆನೆಗಳಿಗೆ ಅಡ್ಡವಾಗಿ ಹೊಸೂರು ಕೃಷ್ಣಗಿರಿಗಳ ನಡುವಿನ ರಾಷ್ಟ್ರೀಯ ಹೆದ್ದಾರಿಯಿದೆ. ಬೆಂಗಳೂರಿಗೂ ಮದರಾಸಿಗೂ ಮಧುರೆಗೂ ನಡುವಣ ಸಮಸ್ತ ವ್ಯಾಪಾರ ಹಗಲಿರುಳು ಹರಿಯುವ ಆ ರಸ್ತೆಯನ್ನು ರಾತ್ರಿ 9 ಗಂಟೆಗೆ ಮುಚ್ಚುವುದು ಯಾವ ಜಿಲ್ಲಾಧಿಕಾರಿಗೂ ಸಾಧ್ಯವಿಲ್ಲ. ರಸ್ತೆಯನ್ನೇ ಎತ್ತರಿಸಿ ಕೆಳಗೆ ಮೃಗಗಳಿಗೆ ದಾರಿ ಬಿಡುವುದೊಂದೇ ಅಲ್ಲಿ ಉಳಿದಿರುವ ಉಪಾಯ. ಆನೆಗಳು ದಾಟುವ ಸ್ಥಳಗಳು ಸಾನಮಾವು, ಶೂಳಗಿರಿಗಳ ರೈತರಿಗೂ ಅರಣ್ಯದ ಕಾವಲುಗಾರರಿಗೂ ಚೆನ್ನಾಗಿ ಗೊತ್ತು. ಅವರನ್ನು ಕೂಡಿಸಿ ಕೇಳಿ, ಎಲ್ಲೆಯ ಎರಡೂ ಕಡೆಯ ಸರ್ಕಾರಗಳು ಸೇರಿ, ಆ ಕೆಲಸವನ್ನು ಮೊದಲಿಡಬೇಕಾಗಿದೆ.